ತಗ್ಗಿನ ತೋಟದ ಚಳಿ: ಮುನ್ಸೂಚನೆಯ ಅಂಕಿ ತಿದ್ದಿಕೊಳ್ಳುವುದು ಹೇಗೆ?

ಡಿಸೆಂಬರ್, ಜನವರಿಯಲ್ಲಿ ವಿಜಯಪುರ, ಕಲಬುರಗಿ, ಬೀದರ್ ಕಡೆ ಮೋಡವಿಲ್ಲದ, ಎಲೆಯೂ ಅಲುಗದ ರಾತ್ರಿಗಳಲ್ಲೇ ಕನಿಷ್ಠ ಉಷ್ಣಾಂಶದ ಮುನ್ಸೂಚನೆ ಹೆಚ್ಚು ಕೈಕೊಡುತ್ತದೆ. ಮೊಬೈಲ್ 13 ಡಿಗ್ರಿ ತೋರಿಸಿದ ರಾತ್ರಿ ತಗ್ಗಿನ ದ್ರಾಕ್ಷಿ ತೋಟ 10ಕ್ಕೆ ಇಳಿದಿರಬಹುದು. ತಗ್ಗಿನಲ್ಲಿ ಈ ತಪ್ಪು ಸಾಮಾನ್ಯವಾಗಿ ಒಂದೇ ಕಡೆಗೆ ವಾಲಿರುತ್ತದೆ, ಹಾಗಾಗಿ ತಿದ್ದಿಕೊಳ್ಳಬಹುದು.

ನೆಲ ಹಗಲು ಹೀರಿದ ಶಾಖವನ್ನು ರಾತ್ರಿ ಆಕಾಶಕ್ಕೆ ಬಿಡುತ್ತದೆ. ಮೋಡವಿದ್ದರೆ ಒಂದಷ್ಟು ಮರಳುತ್ತದೆ, ಗಾಳಿ ಬೀಸಿದರೆ ಮೇಲಿನ ಬೆಚ್ಚನೆಯ ಪದರ ಕೆಳಗೆ ಬೆರೆಯುತ್ತದೆ. ಎರಡೂ ಇಲ್ಲವೆಂದರೆ ನೆಲಕ್ಕಂಟಿದ ಗಾಳಿ ತಣಿದು, ಭಾರವಾಗಿ, ನೀರಿನಂತೆ ಇಳಿಜಾರು ಹಿಡಿದು ಹಳ್ಳದಲ್ಲಿ ನಿಲ್ಲುತ್ತದೆ. ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಕೊಡುವುದು ಹಲವು ಕಿಲೋಮೀಟರ್ ಅಗಲದ ಚೌಕಕ್ಕೆ ಒಂದು ಅಂಕಿ. ಅದಕ್ಕೆ ನಿಮ್ಮ ಹಳ್ಳ ಕಾಣುವುದಿಲ್ಲ. ಸಾಲದ್ದಕ್ಕೆ ಇಂಥ ರಾತ್ರಿ ಗಾಳಿಯನ್ನು ಇದ್ದುದಕ್ಕಿಂತ ಹೆಚ್ಚು ಬೆರೆಸುವ ಚಾಳಿ ಹಲವು ಮಾದರಿಗಳಿಗಿದೆ.

ಮೊದಲು ಅಳತೆ ಸರಿಯಿರಲಿ. ಕನಿಷ್ಠವನ್ನು ನೆನಪಿಡುವ ಥರ್ಮಾಮೀಟರನ್ನು ಪುಡಿ ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಅದ್ದಿ ನೋಡಿ, 0 ತೋರಿಸಬೇಕು. (ಡಿಜಿಟಲ್ ಆದರೆ ನೀರು ತಾಗಬಹುದಾದ ತಂತಿಯ ತುದಿ ಮಾತ್ರ.) ಗೋಡೆ, ಸಿಮೆಂಟ್ ಅಂಗಳದಿಂದ ದೂರ, ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪಟ್ಟಿಗಳ ಗೂಡಿನೊಳಗೆ ಇಡಿ. ಬಯಲಲ್ಲಿ ನೇತುಹಾಕಿದರೆ ಥರ್ಮಾಮೀಟರೇ ಶಾಖ ಬಿಟ್ಟು ತಣಿದು, ಗಾಳಿಗಿಂತ ಕಡಿಮೆ ತೋರಿಸುತ್ತದೆ. ಬೆಳಿಗ್ಗೆ 8:30ಕ್ಕೆ ಓದಿ, ರೀಸೆಟ್ ಮಾತ್ರ ಸಂಜೆ ಮಾಡಿ. ಬೆಳಿಗ್ಗೆಯೇ ಮಾಡಿದರೆ ಆ ಹೊತ್ತಿನ ಚಳಿ ಮರುದಿನದ ಲೆಕ್ಕಕ್ಕೆ ನುಸುಳೀತು.

ನಂತರ ನೋಟ್‌ಬುಕ್. ಪ್ರತಿ ಸಂಜೆ ಅದೇ ಆ್ಯಪ್‌ನ ಅಂಕಿ, ಮೋಡ, ಗಾಳಿ; ಬೆಳಿಗ್ಗೆ ನಿಜವಾದ ಕನಿಷ್ಠ. ಬಹಳ ಜನ ಎಡವುವುದು ತಾರೀಖಿನಲ್ಲಿ: 16ರ ರಾತ್ರಿಯ ಚಳಿ ಆ್ಯಪ್‌ನಲ್ಲಿ ಸಾಮಾನ್ಯವಾಗಿ 17ರ ಕನಿಷ್ಠವಾಗಿರುತ್ತದೆ. ಶುಭ್ರ, ಗಾಳಿಯಿಲ್ಲದ 15 ರಾತ್ರಿಗಳು ಸಿಕ್ಕ ಮೇಲೆ ಆ ರಾತ್ರಿಗಳ ವ್ಯತ್ಯಾಸವನ್ನಷ್ಟೇ (ಆ್ಯಪ್‌ನ ಅಂಕಿಯಲ್ಲಿ ನಿಜವಾದ ಕನಿಷ್ಠ ಕಳೆದದ್ದು) ಏರಿಕೆ ಕ್ರಮದಲ್ಲಿ ಬರೆದು ನಡುವಿನದನ್ನು, ಎಂದರೆ ಎಂಟನೆಯದನ್ನು ಹಿಡಿಯಿರಿ. ಸರಾಸರಿ ಬೇಡ, ಒಂದೇ ವಿಚಿತ್ರ ರಾತ್ರಿ ಅದನ್ನು ಎಳೆದುಬಿಡುತ್ತದೆ. ಮೋಡದ ರಾತ್ರಿಗಳನ್ನು ಬೆರೆಸಿದರಂತೂ ತಿದ್ದುಪಡಿ ಯಾವ ರಾತ್ರಿಗೂ ಹೊಂದುವುದಿಲ್ಲ.

ವ್ಯತ್ಯಾಸ 3 ಬಂದರೆ, 13ರ ಮುನ್ಸೂಚನೆ 10 ಆಗುತ್ತದೆ. ಇಲ್ಲಿ ಇಬ್ಬನಿಯನ್ನೂ ಕೇಳಬೇಕು. ಸಂಜೆ ಏಳಕ್ಕೆ ಒಣ ಥರ್ಮಾಮೀಟರ್ 20, ಒದ್ದೆ ಬಟ್ಟೆ ಸುತ್ತಿ ಬೀಸಣಿಗೆ ಬೀಸಿದ್ದು 15 ತೋರಿಸಿದರೆ ಇಬ್ಬನಿ ಬಿಂದು ಸುಮಾರು 12. ಗಾಳಿ ಅಷ್ಟಕ್ಕೆ ಇಳಿದಾಗ ಇಬ್ಬನಿ ಕಟ್ಟುತ್ತಾ ಶಾಖ ಬಿಡುತ್ತದೆ, ಇಳಿತ ನಿಧಾನವಾಗುತ್ತದೆ. 11 ಎಂದುಕೊಳ್ಳುವುದು ಲೇಸು. ಇಬ್ಬನಿ ಬಿಂದು 5-6ರಲ್ಲಿದ್ದರೆ ತಡೆಯೇ ಇಲ್ಲ, ಪೂರ್ತಿ 3 ಕಳೆಯಿರಿ.

ನಡುರಾತ್ರಿ ತೆಳು ಮೋಡ ಬಂದರೂ, ಗಾಳಿ ಎದ್ದರೂ ಉಷ್ಣಾಂಶ ಒಮ್ಮೆಲೇ ಏರಿ ಲೆಕ್ಕ ಕೆಡುತ್ತದೆ. ರಾತ್ರಿ ಹತ್ತಕ್ಕೆ ಊದುಬತ್ತಿ ಹಚ್ಚಿ ನೋಡಿ: ಹೊಗೆ ನೆಟ್ಟಗೆ ಏರಿದರೆ ತಿದ್ದುಪಡಿ ಹಾಕಿ, ಚದುರಿದರೆ ಆ್ಯಪ್‌ನ ಅಂಕಿಯನ್ನೇ ಇಟ್ಟುಕೊಳ್ಳಿ.

ಒಣಹುಲ್ಲಿನ ಹೊದಿಕೆ ಹಾಸಿದರೆ ಮಣ್ಣಿನ ಶಾಖ ಮೇಲೆ ಬಾರದೆ ಹೊದಿಕೆಯ ಮೇಲಿನ ಗಾಳಿ ಇನ್ನಷ್ಟು ತಣಿಯುತ್ತದೆ. ನೀರು ಹಾಯಿಸಿದ ಮಣ್ಣು ಇದಕ್ಕೆ ತದ್ವಿರುದ್ಧ. ಇವೆರಡರಲ್ಲಿ ಏನೇ ಬದಲಾದರೂ, ಆ್ಯಪ್ ಬದಲಾಯಿಸಿದರೂ ಹಳೆಯ 15 ರಾತ್ರಿಗಳನ್ನು ಬಿಟ್ಟು ಹೊಸ ಪುಟದಿಂದ ಶುರುಮಾಡಿ.