ಅಜ್ಜಿಯ ಇಸವಿ, ನೋಟಿಸಿನ ತಾರೀಖು

ಬಿ.ಎಡ್. ಓದುವಾಗ ಆಧುನಿಕೋತ್ತರ ಚಿಂತನೆ ನನಗೆ ಬರೀ ಹತ್ತು ಅಂಕದ ಪ್ರಶ್ನೆ. ಫ್ರೆಂಚ್ ಚಿಂತಕ ಲಿಯೋತಾರ್, 1979ರ ಪುಸ್ತಕ, ಮಹಾಕಥನಗಳ (ಎಲ್ಲವನ್ನೂ ಒಂದೇ ಎಳೆಯಲ್ಲಿ ವಿವರಿಸುವ ದೊಡ್ಡ ಕಥನಗಳ) ಮೇಲಿನ ಅಪನಂಬಿಕೆ ಅಂತ ಬಾಯಿಪಾಠ ಮಾಡಿ ಬರೆದು ಬಂದಿದ್ದೆ. ಆತ ಆ ಪುಸ್ತಕ ಬರೆದದ್ದು ಕೆನಡಾದ ಕ್ವಿಬೆಕ್ ಸರ್ಕಾರದ ವಿಶ್ವವಿದ್ಯಾಲಯ ಮಂಡಳಿ ಕೇಳಿದ ವರದಿಯಾಗಿ ಎಂದು ತಿಳಿಯುವ ಹೊತ್ತಿಗೆ ನಾನು ಶಿರಸಿ ಬಿಟ್ಟು, ಕಾರವಾರದ ಹತ್ತಿರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮಾಸ್ತರನಾಗಿ ಎಷ್ಟೋ ವರ್ಷವಾಗಿತ್ತು.

ನನ್ನ ತರಗತಿಯ ಅರ್ಧ ಮಕ್ಕಳು ಸೀಬರ್ಡ್ ಎಂಬ ನೌಕಾನೆಲೆ ಯೋಜನೆಗೆ ಮನೆ-ಜಾಗ ಬಿಟ್ಟುಕೊಟ್ಟ ನಿರಾಶ್ರಿತರ ಮನೆಯವರು. ಹಲಗೆಯ ಮೇಲೆ ನಾನು ಬರೆಯುತ್ತಿದ್ದದ್ದು ಎರಡೇ ಸಾಲು: 1986ರಲ್ಲಿ ರಾಜೀವ್ ಗಾಂಧಿಯವರಿಂದ ಶಂಕುಸ್ಥಾಪನೆ, 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ. ನಡುವಿನ ಹತ್ತೊಂಬತ್ತು ವರ್ಷ ಎದುರಿನ ಬೆಂಚುಗಳ ಮೇಲೇ ಕೂತಿತ್ತು.

ಒಂದು ವರ್ಷ ಹೇಳಿದೆ, "ಮನೆಯಲ್ಲಿ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ." ಒಬ್ಬಳು ಅಜ್ಜಿಯನ್ನೇ ಕರೆತಂದಳು. ಅಜ್ಜಿ ಮಾತಾಡಿದ್ದು ಕೊಂಕಣಿ. ನನಗೆ ಅರ್ಧವೂ ತಿಳಿಯದು. ಮೊಮ್ಮಗಳು ಕನ್ನಡದಲ್ಲಿ ಹೇಳುತ್ತ ಹೋದಳು, ನಾನು ಬರೆದುಕೊಂಡೆ. ಎಂಟು ತೆಂಗಿನಮರ, ರಂಪಣಿ ಬಲೆ ಎಳೆದ ದಿನ ಮೀನಿನ ಪಾಲು ಹಂಚುತ್ತಿದ್ದ ಜಾಗ. ಹಿಂದಿನ ಬೆಂಚಿನ ಹುಡುಗ ಎದ್ದ. "ನಮ್ಮ ಅಪ್ಪನಿಗೆ ಬೇಸ್‌ನಲ್ಲೇ ಕೆಲಸ, ಸರ್. ಅದು ಬಾರದಿದ್ದರೆ ನಾವು ಗೋವಾಕ್ಕೆ ಹೋಗಬೇಕಿತ್ತು." ಅದನ್ನೂ ಬರೆದುಕೊಂಡೆ.

ತೊಡಕು ಬಂದದ್ದು ಇಸವಿಯಲ್ಲಿ. ರಾಜೀವ್ ಗಾಂಧಿ ಬಂದ ವರ್ಷವೇ ನಮ್ಮನ್ನು ಎಬ್ಬಿಸಿದರು ಅಂದಳು ಅಜ್ಜಿ. ಮರುದಿನ ಮೊಮ್ಮಗಳು ಟ್ರಂಕಿನಿಂದ ತಂದ ನೋಟಿಸಿನ ತಾರೀಖು ಅದಕ್ಕಿಂತ ಹತ್ತು ವರ್ಷಕ್ಕೂ ಈಚಿನದು. "ಹಾಗಾದರೆ ಅಜ್ಜಿ ಸುಳ್ಳು ಹೇಳಿದರಾ ಸರ್?"

"ಅವರವರ ಸತ್ಯ ಅವರವರಿಗೆ" ಅಂದುಬಿಟ್ಟೆ. ನನ್ನ ಮಾಸ್ತರಿಕೆಯ ಅತಿ ಸೋಮಾರಿ ಉತ್ತರ ಅದು. ಮಹಾಕಥನವನ್ನು ಸಂಶಯಿಸುವವ ಅಜ್ಜಿಯ ಕಥನವನ್ನು ಮಾತ್ರ ಪ್ರಶ್ನಿಸದೆ ಬಿಟ್ಟರೆ, ಅದು ಅವಳಿಗೆ ಕೊಟ್ಟ ಗೌರವವೂ ಅಲ್ಲ. ಹುಡುಗಿಗೂ ಉತ್ತರ ಹಿಡಿಸಲಿಲ್ಲ. ತಾನೇ ಹೋಗಿ ಅಜ್ಜಿಯನ್ನು ಕೇಳಿದಳು. ಕಲ್ಲು ಹಾಕಿದ ಸುದ್ದಿ ಬಂದ ಮೇಲೆ ಮನೆಯಲ್ಲಿ ಒಡೆದ ಹಂಚು ಬದಲಿಸಲಿಲ್ಲವಂತೆ, ಒಂದು ತೆಂಗಿನ ಸಸಿ ನೆಡಲಿಲ್ಲವಂತೆ. ಹೇಗೂ ಬಿಡುವ ಮನೆ ತಾನೆ.

ಪರೀಕ್ಷೆಯ ಮಾತು ಬೇರೆ. ಅದು ಅಳೆಯುವುದರ ಜೊತೆಗೆ ಮನುಷ್ಯನನ್ನು ಪಳಗಿಸುವ ಸಾಧನವೂ ಹೌದೆಂದು ಇನ್ನೊಬ್ಬ ಫ್ರೆಂಚ್ ಚಿಂತಕ ಫುಕೊ ಹೇಳಿದ್ದು ನನಗೆ ಒಪ್ಪಿಗೆಯೇ. ಆದರೂ ಮಾರ್ಚ್ ಬಂದರೆ, "1986, 2005 ಮರೆಯಬೇಡಿ" ಎನ್ನುವವನೂ ನಾನೇ.

ತರಗತಿಯ ಗೋಡೆಯ ಮೇಲೆ ನಾವು ಅಂಟಿಸಿದ್ದ ಕಾಲರೇಖೆಯಲ್ಲಿ ನೋಟಿಸಿನ ತಾರೀಖು ಅದರ ಜಾಗದಲ್ಲೇ ಇದೆ. 1986ರ ಕೆಳಗೆ ಆ ಹುಡುಗಿ ಪೆನ್ಸಿಲಿನಲ್ಲಿ ಸೇರಿಸಿದ್ದಾಳೆ: 'ಹಂಚು ಬದಲಿಸುವುದು ನಿಂತಿತು.'