ಗುಲ್ಮಾರ್ಗ್‌ನಲ್ಲಿ ಸ್ನೋಬೋರ್ಡ್: ತಲಾ 33 ಸಾವಿರದಲ್ಲಿ ಹೋಗಿ ಬಂದ ಲೆಕ್ಕ

ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಸ್ನೋಬೋರ್ಡ್ (ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದು) ಕಲಿತು ಬಂದೆ ಅಂದರೆ ಎಲ್ಲರೂ ಮೊದಲು ಕೇಳೋದು, "ಲಕ್ಷ ದಾಟಿತಾ?" ಇಲ್ಲ. ನಾನು ಮತ್ತು ನನ್ನ ನಾದಿನಿ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಹೋಗಿ, ಐದು ದಿನ ಹಿಮದ ಮೇಲೆ ಕಳೆದು ಬಂದೆವು. ತಲಾ ಸುಮಾರು 33 ಸಾವಿರ ಆಯಿತು. ಉಳಿತಾಯ ಮಾಡಿದ್ದು ಪ್ರಯಾಣದಲ್ಲಿ ಮತ್ತು ರೂಮಿನಲ್ಲಿ. ಕಲಿಸುವವರ ಫೀಸು ಮತ್ತು ಗ್ಲೌಸ್, ಇವೆರಡರಲ್ಲಿ ಮಾತ್ರ ಕೈ ಬಿಗಿ ಹಿಡಿಯಲಿಲ್ಲ. ನೀವೂ ಹಿಡಿಯಬೇಡಿ.

ಮೊದಲು ದಿನಾಂಕ. ಡಿಸೆಂಬರ್ 21ರಿಂದ ನಲವತ್ತು ದಿನ ಕಾಶ್ಮೀರದಲ್ಲಿ 'ಚಿಲ್ಲೈ ಕಲಾನ್', ಅಂದರೆ ಕಡು ಚಳಿಯ ಕಾಲ. ಹಾಗಂತ ಜನವರಿ ಮೊದಲ ವಾರಕ್ಕೇ ಟಿಕೆಟ್ ಮಾಡಬೇಡಿ. 2024ರ ಜನವರಿಯಲ್ಲಿ ಅರ್ಧ ತಿಂಗಳು ಕಳೆದರೂ ಗುಲ್ಮಾರ್ಗ್ ಬೋಳಾಗಿಯೇ ಇತ್ತು. 2025ರಲ್ಲಿ ಹಿಮ ಸಾಲದೆ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಫೆಬ್ರವರಿಯಿಂದ ಮಾರ್ಚ್‌ಗೆ ಹಾಕಿದರು. ಫೆಬ್ರವರಿ ಎರಡನೇ ವಾರದ ನಂತರ ಹೋದರೆ ಹಿಮ ಸಿಗುವ ಸಾಧ್ಯತೆ ಜಾಸ್ತಿ. ಆದರೂ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ರೂಮನ್ನೇ ಹಿಡಿಯಿರಿ. ಕ್ರೀಡಾಕೂಟದ ದಿನಗಳನ್ನೂ ನೋಡಿಕೊಳ್ಳಿ. ಆ ವಾರ ರೂಮು ಸಿಗುವುದು ಕಷ್ಟ.

ನಾವು ಹೋಗುವಾಗ ರೈಲು, ಬರುವಾಗ ವಿಮಾನ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ, ಅಲ್ಲಿಂದ ರಾತ್ರಿ ರೈಲಿನಲ್ಲಿ ಕಟ್ರಾ. ಕಟ್ರಾದಿಂದ ಶ್ರೀನಗರಕ್ಕೆ 2025ರ ಜೂನ್‌ನಿಂದ ವಂದೇ ಭಾರತ್ ಓಡುತ್ತಿದೆ, ಮೂರು ಗಂಟೆಯ ದಾರಿ. ಚೆನಾಬ್ ಸೇತುವೆ ಮೇಲೆ ಹೋಗುವಾಗ ನಮ್ಮ ಡಬ್ಬಿಯಲ್ಲಿ ಯಾರೂ ಸೀಟಲ್ಲಿ ಕೂತಿರಲಿಲ್ಲ, ಎಲ್ಲರೂ ಕಿಟಕಿ ಹತ್ತಿರ. ವಾಪಸ್ ಬರುವ ವಿಮಾನಕ್ಕೆ ಎರಡು ತಿಂಗಳು ಮೊದಲೇ ಟಿಕೆಟ್ ಮಾಡಿದ್ದೆವು. ಹಿಮ ಬಿದ್ದರೆ ಶ್ರೀನಗರದ ವಿಮಾನಗಳು ರದ್ದಾಗುತ್ತವೆ, ಅದಕ್ಕೆ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ. ಇನ್ನೊಂದು ವಿಷಯ, ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡಲ್ಲ. ಇಬ್ಬರಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಂಡಿರಬೇಕು.

ಗುಲ್ಮಾರ್ಗ್‌ನಲ್ಲೇ ಉಳಿದುಕೊಂಡರೆ ಜೇಬು ತೂತಾಗುತ್ತದೆ. 13 ಕಿಲೋಮೀಟರ್ ಕೆಳಗೆ ತಂಗ್‌ಮಾರ್ಗ್ ಇದೆ. ನಾವಿದ್ದದ್ದು ಅಲ್ಲಿ, ಇಬ್ಬರಿಗೂ ಸೇರಿ ರಾತ್ರಿಗೆ 1,500 ರೂಪಾಯಿ. ಬೆಳಿಗ್ಗೆ ಎಂಟೂವರೆಗೆಲ್ಲ ಸುಮೋ ಹಿಡಿದು ಮೇಲೆ, ಸಂಜೆ ಕೆಳಗೆ. ಹೊಸ ಹಿಮ ಬಿದ್ದ ದಿನ ಗಾಲಿಗೆ ಚೈನ್ ಕಟ್ಟಿದ ಗಾಡಿಗಳಷ್ಟೇ ಮೇಲೆ ಹೋಗುತ್ತವೆ, ಅವತ್ತು ಬಾಡಿಗೆಯೂ ಸ್ವಲ್ಪ ಏರುತ್ತದೆ. ರೂಮು ನೋಡುವಾಗ ಟಿವಿ ಇದೆಯಾ ಅಂತ ಕೇಳಬೇಡಿ, ಬುಖಾರಿ ಇದೆಯಾ ಅಂತ ಕೇಳಿ. ಬುಖಾರಿ ಅಂದರೆ ಕಟ್ಟಿಗೆ ಹಾಕಿ ಉರಿಸುವ ತಗಡಿನ ಒಲೆ. ನಾವು ರಾತ್ರಿ ಊಟ ಆದ ಮೇಲೆ ಅದರ ಪಕ್ಕ ಹಗ್ಗ ಕಟ್ಟಿ ಗ್ಲೌಸ್, ಸಾಕ್ಸ್ ನೇತು ಹಾಕುತ್ತಿದ್ದೆವು. ಗ್ಲೌಸ್‌ನ ಒಳಪದರವನ್ನು ಹೊರಗೆ ಎಳೆದು ಒಣಗಿಸಬೇಕು. ಹೊರಗಡೆ ಮುಟ್ಟಿ ಒಣಗಿದೆ ಅಂದುಕೊಂಡರೆ ಮಾರನೇ ದಿನ ಹತ್ತು ಗಂಟೆಗೇ ಬೆರಳು ಮರಗಟ್ಟುತ್ತದೆ. ಬೆಳಗಿನ ತಿಂಡಿಗೆ ಪಕ್ಕದ ಕಾಂದುರ್ (ರೊಟ್ಟಿ ಸುಡುವವರ) ಅಂಗಡಿಯ ಬಿಸಿ ರೊಟ್ಟಿ ಮತ್ತು ಉಪ್ಪಿನ ಚಹಾ. ನಾಲ್ಕು ರೊಟ್ಟಿ ಜಾಸ್ತಿ ಕಟ್ಟಿಸಿಕೊಂಡು, ಊರಿಂದ ಒಯ್ದ ಶೇಂಗಾ ಚಟ್ನಿ ಜೊತೆ ಮಧ್ಯಾಹ್ನ ಮುಗಿಸುತ್ತಿದ್ದೆವು.

ಬಟ್ಟೆಗೆ ಹೊಸದಾಗಿ ಖರ್ಚು ಮಾಡಬೇಕಿಲ್ಲ. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ನೀರು ನುಗ್ಗದ ಜಾಕೆಟ್. ಕಾಲಿಗೆ ಥರ್ಮಲ್ ಮೇಲೆ ಮಳೆಗಾಲದ ಗಟ್ಟಿ ರೇನ್ ಪ್ಯಾಂಟ್ ಸಾಕು. ಕಾಟನ್ ಸಾಕ್ಸ್ ಮಾತ್ರ ಬೇಡ, ಅದು ಒದ್ದೆಯಾದರೆ ಒಣಗಲ್ಲ. ಉಣ್ಣೆಯದ್ದು ಒಂದೇ ಜೊತೆ ಹಾಕಿ, ಎರಡೆರಡು ಹಾಕಿದರೆ ಬೂಟು ಬಿಗಿಯಾಗಿ ಕಾಲು ಇನ್ನೂ ತಣ್ಣಗಾಗುತ್ತದೆ. ನಾದಿನಿ ಮಗನ ಸ್ಕೇಟಿಂಗ್ ಕ್ಲಾಸಿನ ಮಣಿಕಟ್ಟಿನ ಗಾರ್ಡ್ ಒಯ್ದಿದ್ದೆವು. ಹೊಸಬರಿಗೆ ಸ್ನೋಬೋರ್ಡ್‌ನಲ್ಲಿ ಪೆಟ್ಟು ಬೀಳುವುದೇ ಮಣಿಕಟ್ಟಿಗೆ, ಹಾಗಾಗಿ ಅದು ಇರಲೇಬೇಕು.

ಬೋರ್ಡ್, ಬೂಟು ಬಾಡಿಗೆಗೆ ಸಿಗುತ್ತವೆ. ನಮಗೆ ದಿನಕ್ಕೆ ಸಾವಿರ ಬಿತ್ತು. ಅಂಗಡಿಯಲ್ಲಿ ಅವಸರ ಮಾಡಬೇಡಿ. ಬೂಟಿನ ಲೇಸ್ ಬಿಗಿದು ಮಂಡಿ ಬಗ್ಗಿಸಿ ನಿಲ್ಲಿ, ಹಿಮ್ಮಡಿ ಮೇಲೆದ್ದರೆ ಆ ಸೈಜು ಬೇಡ. ಬೋರ್ಡಿನ ಅಂಚಿನ ಮೇಲೆ ಬೆರಳಾಡಿಸಿ ತುಕ್ಕು ನೋಡಿ. ಆಮೇಲೆ ಕಾಲು ಕಟ್ಟುವ ಬೈಂಡಿಂಗನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಮೊದಲ ದಿನ ನಾನು ಇದನ್ನು ನೋಡಿರಲಿಲ್ಲ. ಅಂಗಡಿಯವರು ಸ್ಕ್ರೂ ಬಿಗಿದಿರಲಿಲ್ಲ. ಇಳಿಜಾರಿನ ನಡುವೆ ಹಿಂಗಾಲು ಸುಮ್ನೆ ತಿರುಗಿಬಿಟ್ಟಿತು. ಕೆಳಗೆ ಹಿಮ ಮೆತ್ತಗಿತ್ತು, ಏನೂ ಆಗಲಿಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ಎಂಟೂ ಸ್ಕ್ರೂ ನಾನೇ ನೋಡುತ್ತಿದ್ದೆ.

ಮೊದಲ ಎರಡು ದಿನ ಗೊಂಡೋಲಾ (ಬೆಟ್ಟ ಹತ್ತಿಸುವ ಕೇಬಲ್ ಕಾರ್) ಟಿಕೆಟ್ ಬೇಡವೇ ಬೇಡ. ಬೇಸಿಗೆಯ ಗಾಲ್ಫ್ ಮೈದಾನವೇ ಚಳಿಗಾಲದಲ್ಲಿ ಹೊಸಬರ ಇಳಿಜಾರು. ಬೋರ್ಡ್ ಕಂಕುಳಲ್ಲಿ ಇಟ್ಟುಕೊಂಡು ಹತ್ತಿ, ಇಳಿಯಿರಿ. 2,650 ಮೀಟರ್ ಎತ್ತರ ಅದು, ನಮ್ಮ ಮುಳ್ಳಯ್ಯನಗಿರಿಗಿಂತ ಏಳುನೂರು ಮೀಟರ್ ಜಾಸ್ತಿ. ಉಸಿರು ಕಟ್ಟುತ್ತದೆ, ನಿಧಾನವಾಗಿ ಹತ್ತಿ. ಮೂರು ದಿನಕ್ಕೆ ಇಬ್ಬರೂ ಸೇರಿ ಒಬ್ಬ ಹುಡುಗನನ್ನು ಗೊತ್ತು ಮಾಡಿಕೊಂಡೆವು. ಸ್ಕೀ ಕಲಿಸುವವರು ತುಂಬ ಜನ ಇದ್ದಾರೆ, ಸ್ನೋಬೋರ್ಡ್ ಬರುತ್ತದಾ ಅಂತ ಬಿಡಿಸಿ ಕೇಳಿ. ಅವನು ಬೋರ್ಡನ್ನು ಇಳಿಜಾರಿಗೆ ಅಡ್ಡ ಇಡಿಸಿ, ಎದುರು ನಿಂತು ಎರಡೂ ಕೈ ಹಿಡಿದುಕೊಂಡ. "ದೀದಿ, ಘುಟ್ನೆ ಮೋಡೋ. ನೀಚೆ ಮತ್ ದೇಖೋ." ಮಂಡಿ ಬಗ್ಗಿಸಿ, ಕೆಳಗೆ ನೋಡಬೇಡಿ. ಹಿಮ್ಮಡಿಯ ಮೇಲೆ ಭಾರ ಹಾಕಿದರೆ ಅಂಚು ಹಿಮವನ್ನು ಕೊರೆದು ಬೋರ್ಡ್ ನಿಲ್ಲುತ್ತದೆ. ಕಾಲ್ಬೆರಳುಗಳನ್ನು ಒಂಚೂರು ಕೆಳಗೆ ಬಿಟ್ಟರೆ ಜಾರುತ್ತದೆ. ಎಡಕ್ಕೆ ನೋಡಿದರೆ ಎಡಕ್ಕೆ, ಬಲಕ್ಕೆ ನೋಡಿದರೆ ಬಲಕ್ಕೆ, ಉದುರುವ ಎಲೆ ತೇಲಿಕೊಂಡು ಬಂದ ಹಾಗೆ. ಮೊದಲ ದಿನವೆಲ್ಲ ಇಷ್ಟೇ. ಬೀಳುವಾಗ ಅಂಗೈ ಊರಬೇಡಿ, ಮುಷ್ಟಿ ಕಟ್ಟಿ ಮುಂಗೈ ಮೇಲೆ ಬೀಳಿ. ಏಳೋಕೆ ಆಗದಿದ್ದರೆ ಹೊಟ್ಟೆ ಮೇಲೆ ಹೊರಳಿ, ಮಂಡಿಯೂರಿ, ಗುಡ್ಡಕ್ಕೆ ಮುಖ ಮಾಡಿ ಎದ್ದೇಳಿ. ಕೂತಲ್ಲಿಂದ ಏಳೋದಕ್ಕಿಂತ ಇದು ಎಷ್ಟೋ ಸುಲಭ.

ನಾಲ್ಕನೇ ದಿನ ಗೊಂಡೋಲಾದ ಮೊದಲ ಹಂತ ಹತ್ತಿದೆವು. ಟಿಕೆಟ್ ಕೇಬಲ್ ಕಾರ್ ನಿಗಮದ ವೆಬ್‌ಸೈಟಿನಲ್ಲಿ ಮೊದಲೇ ತಗೊಳ್ಳಿ, ಬಾಗಿಲಲ್ಲಿ ಬಂದು ಮಾರುವವರಿಂದ ಬೇಡ. ಮೊದಲ ಹಂತ ಮುಗಿಯುವ ಕೊಂಗ್‌ಡೂರಿಯಿಂದ ಕೆಳಗೆ ಬರುವ ದಾರಿ ಹೊಸಬರಿಗೆ ಸಾಕಷ್ಟು ದೊಡ್ಡದು. ಎರಡನೇ ಹಂತ ಅಫರ್ವಟ್ ಬೆಟ್ಟದ ಹೆಗಲಿಗೆ, ನಾಲ್ಕು ಸಾವಿರ ಮೀಟರ್ ಹತ್ತಿರಕ್ಕೆ ಹೋಗುತ್ತದೆ. ಅಲ್ಲಿಂದ ಬೋರ್ಡ್ ಮೇಲೆ ಇಳಿಯುವ ಆಸೆ ಮೊದಲ ಸಲವೇ ಬೇಡ. 2023ರ ಫೆಬ್ರವರಿ 1ರಂದು ಅಫರ್ವಟ್‌ನಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡರು. ಗಡಿ ಹಗ್ಗ ಕಟ್ಟಿದ್ದರೆ ಅದರಾಚೆ ಒಂದು ಹೆಜ್ಜೆಯೂ ಬೇಡ. ಪ್ರಯಾಣದ ವಿಮೆ ತಗೊಳ್ಳುವಾಗ ಚಳಿಗಾಲದ ಕ್ರೀಡೆ ಸೇರಿದೆಯಾ ಅಂತ ಓದಿ ನೋಡಿ. ಸಾಮಾನ್ಯವಾಗಿ ಸೇರಿರಲ್ಲ, ಬೇರೆ ದುಡ್ಡು ಕೊಟ್ಟು ಸೇರಿಸಬೇಕು.

ವಿಮಾನಕ್ಕೆ ಅಂತ ಕೈಯಲ್ಲಿ ಇಟ್ಟುಕೊಂಡ ದಿನ ಆಕಾಶ ಶುಭ್ರವಾಗಿತ್ತು. ಶ್ರೀನಗರಕ್ಕೆ ಸಂಜೆ ಇಳಿದರೆ ಸಾಕಿತ್ತು. ಮತ್ತೆ ಬೋರ್ಡ್ ತಗೊಂಡು ಕೊಂಗ್‌ಡೂರಿಗೆ ಹೋದೆವು, ಅದು ನಮ್ಮ ಐದನೇ ದಿನ. ಅವತ್ತು ನಾದಿನಿ ಹಿಮ್ಮಡಿ ಕಡೆಯ ಅಂಚಿನಿಂದ ಕಾಲ್ಬೆರಳ ಕಡೆಯ ಅಂಚಿಗೆ, ಅಲ್ಲಿಂದ ಮತ್ತೆ ಹಿಮ್ಮಡಿಗೆ, ನಿಲ್ಲದೆ ಆರು ತಿರುವು ತಗೊಂಡಳು. ಕೆಳಗೆ ನಿಂತು ನಾನು ಎಣಿಸಿದ್ದೇನೆ.