ಕಷ್ಟದ ವರ್ಷದಲ್ಲಿ ಆಗಮನ ಕಾಲ: ಸಂಜೆಗೆ ಹತ್ತು ನಿಮಿಷ, ಒಂದು ಹಿಡಿ ರಾಗಿ

ಕೆಲಸ ಹೋಗಿದೆ, ಮನೆಯಲ್ಲಿ ಕಾಯಿಲೆ, ಮುಂದಿನ ತಿಂಗಳ ಬಾಡಿಗೆಗೆ ದಾರಿ ಕಾಣದು. ಇಂಥ ವರ್ಷ ಕ್ರಿಸ್‌ಮಸ್ಸೇ ಬೇಡ ಅನ್ನಿಸೋದು ಸಹಜ. ಆದರೆ ಅದಕ್ಕೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಹಬ್ಬವಲ್ಲ, ಯೇಸುವಿನ ಹುಟ್ಟಿಗೆ ಕಾಯುವ ಕಾಲ. ನಗುಮುಖ ಹೊತ್ತು ತಿರುಗಬೇಕಿಲ್ಲ. ವರ್ಷದೊಳಗೆ ಸಾವಾದ ಮನೆಯವರು ನಕ್ಷತ್ರ ಕಟ್ಟದಿದ್ದರೂ ಇದನ್ನು ನಡೆಸಬಹುದು.

ನವೆಂಬರ್ 30ಕ್ಕೆ ಹತ್ತಿರದ ಭಾನುವಾರ ಶುರು. ಅಂಚಿರುವ ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಎರಡು ಬೆರಳಷ್ಟು ಒದ್ದೆ ಮರಳು ಹಾಕಿ ನಾಲ್ಕು ಮೇಣದಬತ್ತಿ ನಾಟಿ: ಮೂರು ನೇರಳೆ, ಒಂದು ಗುಲಾಬಿ ಬಣ್ಣದ್ದು. ಬಣ್ಣದ್ದು ಸಿಗದಿದ್ದರೆ ಬಿಳಿ ಬತ್ತಿಯ ಬುಡಕ್ಕೆ ರಿಬ್ಬನ್ ಸುತ್ತಿದರಾಯಿತು. ಸುತ್ತ ಸರ್ವೆ ಸೊಪ್ಪು ಇಡುವವರು ವಾರಕ್ಕೊಮ್ಮೆ ಬದಲಿಸಿ. ಒಣಗಿದ ಸರ್ವೆಗೆ ಕಿಡಿ ತಾಗಿದರೆ ಸಾಕು. ಮೊದಲ ವಾರ ಒಂದು ಬತ್ತಿ, ಎರಡನೇ ವಾರ ಎರಡು. ಗುಲಾಬಿಯದು ಮೂರನೇ ಭಾನುವಾರಕ್ಕೆ. ದಿನಕ್ಕೆ ಹತ್ತೇ ನಿಮಿಷ ಉರಿಸಿ. ಅರ್ಧ ಗಂಟೆ ಉರಿಸಿದರೆ ಮೊದಲ ಬತ್ತಿ ಮೂರನೇ ವಾರಕ್ಕೇ ಮುಗಿದುಹೋಗುತ್ತೆ.

ಓದಲು ಬೈಬಲ್‌ನಿಂದ ವಾರಕ್ಕೊಂದೇ ಭಾಗ, ಏಳೂ ದಿನ ಅದೇ. ಮೊದಲ ವಾರ ಯೆಶಾಯ 9ನೇ ಅಧ್ಯಾಯದ ಮೊದಲ ಏಳು ವಚನ, ಎರಡನೆಯದಕ್ಕೆ ಯೆಶಾಯ 40:1–11, ಆಮೇಲೆ ಫಿಲಿಪ್ಪಿ 4:4–7, ಕೊನೆಗೆ ಲೂಕ 1:39–55. ದಿನಕ್ಕೊಂದು ಹೊಸ ಭಾಗ ಹಾಕಿಕೊಂಡವರು ಸಾಮಾನ್ಯವಾಗಿ ಎರಡನೇ ವಾರಕ್ಕೆ ಹಿಂದೆ ಬೀಳುತ್ತಾರೆ, ಆಮೇಲೆ ಪುಸ್ತಕ ಮುಚ್ಚಿಡುತ್ತಾರೆ. ಬಾಯಿಗೆ ಪ್ರಾರ್ಥನೆಯೇ ಬಾರದ ದಿನ 13ನೇ ಕೀರ್ತನೆ ಓದಿ. ಆರೇ ವಚನ. ಶುರುವಿನಲ್ಲೇ ‘ಎಲ್ಲಿಯವರೆಗೆ’ ಎಂದು ದೇವರನ್ನು ನಾಲ್ಕು ಸಲ ಕೇಳುತ್ತೆ. ಗೊಣಗುವುದೂ ಪ್ರಾರ್ಥನೆಯೇ.

ಇನ್ನು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ. ಅಂಗಡಿಯ ಪ್ಲಾಸ್ಟಿಕ್ ಹುಲ್ಲಿಗಿಂತ ರಾಗಿ ಪೈರು ನೂರು ಪಾಲು ಮೇಲು. ಮನಸ್ಸು ಕೆಟ್ಟಿದ್ದಾಗ ಬೆಳಿಗ್ಗೆ ಎದ್ದು ನೋಡಲು ಏನೋ ಒಂದು ಇರುತ್ತೆ. ಡಿಸೆಂಬರ್ 11 ಅಥವಾ 12ಕ್ಕೆ ಬಿತ್ತಿ. ಒಂದೂವರೆ ಅಡಿ ಉದ್ದಗಲದ ಟ್ರೇಗೆ ಒಂದು ದೊಡ್ಡ ಹಿಡಿ ರಾಗಿ ಸಾಕು. ಒಂದು ರಾತ್ರಿ ನೆನೆಸಿ, ನೀರು ಬಸಿದು, ಬಟ್ಟೆಯಲ್ಲಿ ಒಂದು ದಿನ ಕಟ್ಟಿಡಿ. ಬಿಳಿ ಮೊಳಕೆ ಇಣುಕಿದ ಮೇಲೆ ಒಂದಿಂಚು ಸಡಿಲ ಮಣ್ಣಿನ ಮೇಲೆ ಉದುರಿಸಿ, ಕಾಳು ಮರೆಯಾಗುವಷ್ಟು ಮಾತ್ರ ಪುಡಿಮಣ್ಣು ಹಾಕಿ. ಸಣ್ಣ ಕಾಳು, ಆಳಕ್ಕೆ ಹೋದರೆ ಮೇಲೆ ಬಾರದು. ನೀರು ಚಿಮುಕಿಸಿ, ಸುರಿಯಬೇಡಿ. ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಸೇರಿ ಅಲ್ಲಿ ಕೊಳೆಯುತ್ತೆ, ಉಳಿದ ಕಡೆ ಬೋಳು. ಪೈರು ಹಳದಿಯಾಗಿ ಉದ್ದಕ್ಕೆ ಹೋಗಿ ಮಲಗಿದರೆ ಬೆಳಕು ಸಾಲದು ಅಂತ, ಕಿಟಕಿ ಪಕ್ಕ ಇಡಿ. ಇರುವೆ ಕಾಳು ಹೊರುತ್ತಿದ್ದರೆ ಟ್ರೇಯ ಕೆಳಗೆ ನಾಲ್ಕು ಬಟ್ಟಲು ನೀರಿಟ್ಟು ಅದರೊಳಗೆ ಇಟ್ಟಿಗೆ ಚೂರು ನಿಲ್ಲಿಸಿ. ತಡವಾಯಿತೇ? ಸಾಸಿವೆ ಬಿತ್ತಿ, ವಾರದಲ್ಲಿ ಹಸಿರಾಗುತ್ತೆ. ಬಾಲಯೇಸುವಿನ ಗೊಂಬೆ 24ರ ರಾತ್ರಿವರೆಗೆ ಡಬ್ಬಿಯಲ್ಲೇ ಇರಲಿ. ಮಗುವನ್ನು ನೋಡಲು ದೂರದಿಂದ ಬಂದ ಮೂವರು ಜ್ಞಾನಿಗಳ ಗೊಂಬೆಗಳನ್ನು ಮನೆಯ ಆಚೆ ತುದಿಯಲ್ಲಿಟ್ಟು ದಿನಾ ಒಂದಿಷ್ಟು ಸರಿಸುತ್ತಾ ಜನವರಿ 6ಕ್ಕೆ ತಲುಪಿಸುವ ಕೆಲಸ ಮಕ್ಕಳಿಗೆ ಬಿಡಿ.

ತಿಂಡಿ ಒಂದೇ ಬಗೆ ಮಾಡಿ. ಕಜ್ಜಾಯವೋ ಕಲ್‌ಕಲೋ ನಿಮ್ಮಿಷ್ಟ.

ಮೈಸೂರಿನಲ್ಲಿರುವವರು ಸಂತ ಫಿಲೋಮಿನಾ ಚರ್ಚ್‌ಗೆ 24ರ ರಾತ್ರಿಯೇ ಹೋಗಬೇಕೆಂದಿಲ್ಲ. ನಾಲ್ವಡಿಯವರು 1933ರಲ್ಲಿ ಅಡಿಗಲ್ಲಿಟ್ಟ ಆ ಚರ್ಚಿನಲ್ಲಿ ಹಬ್ಬದ ರಾತ್ರಿ ಕಾಲಿಡಲೂ ಜಾಗವಿರದು. ದುಃಖದಲ್ಲಿರುವವರಿಗೆ ಗದ್ದಲ ಇನ್ನಷ್ಟು ಭಾರ. ಡಿಸೆಂಬರ್ ಮೊದಲ ವಾರಗಳಲ್ಲಿ, ಭಾನುವಾರ ಬಿಟ್ಟು ಯಾವುದಾದರೂ ದಿನ ಹೋಗಿ ಕೂತು ಬನ್ನಿ. ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೂ ಆಗಲೇ ಹೋಗಿ. ಹಬ್ಬದ ಹಿಂದಿನ ದಿನ ಸಾಲು ಉದ್ದ, ಗುರುಗಳಿಗೆ ನಿಮ್ಮ ಮಾತು ಪೂರ್ತಿ ಕೇಳಲು ಪುರುಸೊತ್ತಿರೋದಿಲ್ಲ.

ನಿದ್ದೆ, ಊಟ ಎರಡು ವಾರಕ್ಕೂ ಮೀರಿ ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.